ಚದುರಂಗಪಟು ಸುಲ್ತಾನ್ ಖಾನ್

ಚದುರಂಗವು ಭರತಖಂಡದಲ್ಲಿ ಹುಟ್ಟಿದ ಆಟವೆಂದು ನಾವೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಇಲ್ಲಿಂದ ಅದು ಪಾರಸಿಕರಿಗೆ, ಅವರಿಂದ ಅರಬರಿಗೆ, ಅರಬರಿಂದ ಯೂರೋಪಿನವರಿಗೆ ಹೋಯಿತು; ಹೋದ ಹೋದ ಕಡೆ ವೇಷ ಬದಲಿಸಿತು; ಕೊನೆಗೆ ಬೇರೊಂದು ಆಟವೇ ಎಂಬಷ್ಟು ಮಾರ್ಪಟ್ಟು ನಮ್ಮ ಬಳಿಗೆ ಹಿಂದಿರುಗಿತು. ತವರಿನ ಆಟವನ್ನು ಆಡಿ ಬೆಳೆದವನೊಬ್ಬನು ಸಮುದ್ರ ದಾಟಿ ಹೋಗಿ, ವೇಷ ಬದಲಿಸಿದ ಆ ಆಟದಲ್ಲಿಯೇ ಅದರ ಮಹಾರಥರನ್ನು ಮಣಿಸಿದ ವೃತ್ತಾಂತವೊಂದುಂಟು. ವಿಶ್ವನಾಥನ್ ಆನಂದರ ಹೆಸರನ್ನು ಕೇಳದ ವಿದ್ಯಾರ್ಥಿ ನಮ್ಮಲ್ಲಿ ಇರಲಾರನು. ಆದರೆ ಅವರು ಗ್ರ್ಯಾಂಡ್‌ಮಾಸ್ಟರ್ ಆದ ೧೯೮೮ಕ್ಕಿಂತ ಸುಮಾರು ಅರುವತ್ತು ವರ್ಷ ಮೊದಲೇ ಯೂರೋಪನ್ನು ಬೆರಗುಗೊಳಿಸಿದ ಸುಲ್ತಾನ್ ಖಾನನ ಹೆಸರು ಹೇಳಿದರೆ ನನ್ನ ಮಿತ್ರರು ಯಾವುದೋ ಸಂಸ್ಥಾನದ ನವಾಬನಿರಬೇಕೆಂದು ಊಹಿಸುತ್ತಾರೆ. ಆತ ನವಾಬನಲ್ಲ. ಆತ ಯಾರೆಂಬುದನ್ನು ನನಗೆ ತಿಳಿದಮಟ್ಟಿಗೆ ಇಲ್ಲಿ ನಿವೇದಿಸುತ್ತೇನೆ.

ಸುಲ್ತಾನ್ ಖಾನ್ ೧೯೦೫ರ ಸುಮಾರಿನಲ್ಲಿ ಅವಿಭಕ್ತ ಪಂಜಾಬಿನ ಮೀಠಾ ಟಿವಾನಾ ಎಂಬ ಊರಿನಲ್ಲಿ ಜನಿಸಿದನು. ಆ ಊರು ಈಗ ಪಾಕಿಸ್ತಾನದಲ್ಲಿದೆ. ಒಂಬತ್ತನೆಯ ವಯಸ್ಸಿನಲ್ಲಿ ತಂದೆಯೇ ಆತನಿಗೆ ಚದುರಂಗವನ್ನು ಕಲಿಸಿದನು. ಇಪ್ಪತ್ತೊಂದು ತುಂಬುವ ವೇಳೆಗೆ ಪಂಜಾಬಿನಲ್ಲಿ ಆತನಿಗೆ ಸಮನಾದ ಆಟಗಾರನಿಲ್ಲವೆಂದು ಜನ ಹೇಳತೊಡಗಿದರು.

ಆದರೆ ಆತ ಕಲಿತದ್ದು ದೇಶೀ ಆಟ. ಹಳ್ಳಿಯ ಜಗುಲಿಗಳ ಮೇಲೆ ಹಿರಿಯರು ಆಡುವುದನ್ನು ನೋಡಿದವರಿಗೆ ಇದರ ರೀತಿ ತಿಳಿದಿರುತ್ತದೆ. ಅದರಲ್ಲಿ ಪದಾತಿಯು ಮೊದಲ ನಡೆಯಲ್ಲಿ ಎರಡು ಮನೆ ಹಾರುವಂತಿಲ್ಲ. ಆನೆಯನ್ನು ಜೊತೆ ಮಾಡಿಕೊಂಡು ರಾಜನು ಕೋಟೆ ಕಟ್ಟುವಂತಿಲ್ಲ. ಅದಕ್ಕೆ ಬದಲಾಗಿ ಆತ ಒಮ್ಮೆ ಮಾತ್ರ ಕುದುರೆಯಂತೆ ನೆಗೆಯಬಹುದು. ಕೊನೆಯ ಸಾಲನ್ನು ಮುಟ್ಟಿದ ಪದಾತಿಯು ಬಯಸಿದ ಕಾಯಿಯಾಗುವುದಿಲ್ಲ, ಆ ಮನೆಗೆ ಸೇರಿದ ಕಾಯಿಯಾಗುತ್ತದೆ. ಈ ನಿಯಮಗಳಿಂದ ಆಟ ನಿಧಾನವಾಗುತ್ತದೆ. ಎರಡು ಸೈನ್ಯಗಳು ಬಹಳ ಹೊತ್ತು ಮುಟ್ಟದೆ ಎದುರುಬದುರಾಗಿ ನಿಂತು ವ್ಯೂಹ ಕಟ್ಟುತ್ತವೆ. ಆರಂಭದ ನಡೆಗಳನ್ನು ಬಾಯಿಪಾಠ ಮಾಡಿ ಗೆಲ್ಲುವ ಮಾತೇ ಇಲ್ಲ. ತಾಳ್ಮೆಯುಳ್ಳವನು, ಯಾವ ಕಾಯಿ ಎಲ್ಲಿ ನಿಂತರೆ ಬಲವೆಂದು ಬಲ್ಲವನು ಗೆಲ್ಲುತ್ತಾನೆ. ಸುಲ್ತಾನ್ ಖಾನನ ಆಟದ ಬೇರುಗಳೆಲ್ಲ ಈ ನೆಲದಲ್ಲಿವೆಯೆಂದು ನನ್ನ ನಂಬಿಕೆ.

ಸರ್ ಉಮರ್ ಹಯಾತ್ ಖಾನ್ ಟಿವಾನಾ ಎಂಬ ಭಾರಿ ಜಮೀನುದಾರನು ಈ ತರುಣನ ಪ್ರತಿಭೆಯನ್ನು ಗುರುತಿಸಿ ತನ್ನ ಆಶ್ರಯಕ್ಕೆ ತೆಗೆದುಕೊಂಡನು. ಯೂರೋಪಿನ ನಿಯಮಗಳನ್ನು ಕಲಿಸುವ ಏರ್ಪಾಡು ಮಾಡಿದನು. ೧೯೨೮ರಲ್ಲಿ ನಡೆದ ಅಖಿಲ ಭಾರತ ಸ್ಪರ್ಧೆಯಲ್ಲಿ ಸುಲ್ತಾನ್ ಖಾನ್ ಒಂಬತ್ತು ಆಟಗಳಲ್ಲಿ ಎಂಟನ್ನು ಗೆದ್ದು ಒಂದನ್ನು ಸಮಮಾಡಿಕೊಂಡನು. ಮರುವರ್ಷ ಸರ್ ಉಮರನೊಡನೆ ಲಂಡನ್ನಿಗೆ ಹೋದನು. ಅಲ್ಲಿ ಆತನ ಅಭ್ಯಾಸಕ್ಕೆಂದೇ ನಡೆಸಿದ ಸಣ್ಣ ಪಂದ್ಯಾವಳಿಯೊಂದರಲ್ಲಿ ಆತ ಕೊನೆಯ ಸಾಲಿನಲ್ಲಿ ಉಳಿದನು. ನೋಡಿದವರು ನಿರಾಶರಾಗಿರಬೇಕು. ವಿಂಟರ್ ಮತ್ತು ಯೇಟ್ಸ್ ಎಂಬ ಇಬ್ಬರು ಆಂಗ್ಲ ಪಟುಗಳು ಆತನನ್ನು ಬಳಿಯಲ್ಲಿ ಕೂರಿಸಿಕೊಂಡು ಆರಂಭದ ನಡೆಗಳ ವಿದ್ಯೆಯನ್ನು ಒಂದಿಷ್ಟು ಹೇಳಿಕೊಟ್ಟರು. ಅದೇ ೧೯೨೯ರ ಬೇಸಗೆಯಲ್ಲಿ ರ‍್ಯಾಮ್ಸ್‌ಗೇಟಿನಲ್ಲಿ ಬ್ರಿಟಿಷ್ ಚಾಂಪಿಯನ್‌ಷಿಪ್ ನಡೆಯಿತು. ಅದನ್ನು ಗೆದ್ದವನು ಸುಲ್ತಾನ್ ಖಾನ್! ಆಳುವವರ ದೇಶದ ಕಿರೀಟವನ್ನು ಆಳಿಸಿಕೊಳ್ಳುತ್ತಿದ್ದ ದೇಶದ ಹಳ್ಳಿಯವನು ಮೊದಲ ಪ್ರಯತ್ನದಲ್ಲೇ ಎತ್ತಿಕೊಂಡನು. ೧೯೩೨ ಮತ್ತು ೧೯೩೩ರಲ್ಲಿ ಅದೇ ಪ್ರಶಸ್ತಿ ಮತ್ತೆ ಆತನದಾಯಿತು. ನಾಲ್ಕು ಬಾರಿ ಸ್ಪರ್ಧಿಸಿ ಮೂರು ಬಾರಿ ಗೆದ್ದನೆಂದ ಮೇಲೆ ಅದನ್ನು ಅದೃಷ್ಟವೆಂದು ತಳ್ಳಿಹಾಕಲಾಗದು.

ಯೂರೋಪಿನ ಇತರ ಕಡೆಗಳಲ್ಲೂ ಆತನ ಕೀರ್ತಿ ಹಬ್ಬಿತು. ೧೯೩೦ರಲ್ಲಿ ಲೀಜ್ ಪಂದ್ಯಾವಳಿಯಲ್ಲಿ ಟಾರ್ಟಕೋವರನ ನಂತರ ಎರಡನೆಯ ಸ್ಥಾನ. ಮರುವರ್ಷ ಅದೇ ಟಾರ್ಟಕೋವರನನ್ನು ಹನ್ನೆರಡು ಆಟಗಳ ಸ್ಪರ್ಧೆಯಲ್ಲಿ ಆರೂವರೆಗೆ ಐದೂವರೆಯಂತೆ ಸೋಲಿಸಿದನು. ೧೯೩೨ರ ಲಂಡನ್ ಪಂದ್ಯಾವಳಿಯಲ್ಲಿ ವಿಶ್ವವಿಜೇತ ಅಲೆಖೈನ್ ಮತ್ತು ಫ್ಲೋರರ ನಂತರ ಮೂರನೆಯ ಸ್ಥಾನವನ್ನು ಕ್ಯಾಷ್ಡನ್ನನೊಡನೆ ಹಂಚಿಕೊಂಡನು. ಒಲಿಂಪಿಯಾಡುಗಳಲ್ಲಿ ಇಂಗ್ಲೆಂಡಿನ ಪರವಾಗಿ ಮೊದಲ ಹಲಗೆಯಲ್ಲಿ ಕುಳಿತನು. ೧೯೩೧ರಲ್ಲಿ ಪ್ರಾಗ್ ನಗರದಲ್ಲಿ ಎಂಟು ಆಟಗಳನ್ನು ಗೆದ್ದು, ಏಳನ್ನು ಸಮಮಾಡಿಕೊಂಡು, ಎರಡನ್ನು ಮಾತ್ರ ಸೋತನು. ಗೆದ್ದವುಗಳಲ್ಲಿ ರೂಬಿನ್‌ಸ್ಟೈನನ ಮೇಲಿನ ಆಟವೊಂದು, ಫ್ಲೋರನ ಮೇಲಿನದೊಂದು. ಸಮವಾದವುಗಳಲ್ಲಿ ಅಲೆಖೈನನೊಡನೆ ಆಡಿದ್ದೂ ಒಂದು.

ಇವೆಲ್ಲಕ್ಕೂ ಶಿಖರಪ್ರಾಯವಾದುದು ೧೯೩೦-೩೧ರ ಹೇಸ್ಟಿಂಗ್ಸ್ ಪಂದ್ಯಾವಳಿಯಲ್ಲಿ ಕಪಾಬ್ಲಾಂಕನ ವಿರುದ್ಧ ಆಡಿದ ಆಟ. ಕ್ಯೂಬಾದ ಕಪಾಬ್ಲಾಂಕನು ೧೯೨೧ರಿಂದ ೧೯೨೭ರವರೆಗೆ ವಿಶ್ವವಿಜೇತನಾಗಿದ್ದವನು; ೧೯೧೬ರಿಂದ ೧೯೨೪ರವರೆಗೆ ಸೋಲೆಂಬುದನ್ನೇ ಅರಿಯದವನು. ಈ ಆಟವನ್ನು ನಾನು ಹಲಗೆಯ ಮೇಲೆ ಅನೇಕ ಸಲ ಆಡಿಸಿ ನೋಡಿದ್ದೇನೆ. ಬಿಳಿಯ ಕಾಯಿಗಳು ಸುಲ್ತಾನನವು. ಐದನೆಯ ನಡೆಯಲ್ಲಿ ಆತ ಅಂಚಿನ ಪದಾತಿಯೊಂದನ್ನು ಒಂದೇ ಒಂದು ಮನೆ ಮುಂದೊತ್ತುತ್ತಾನೆ. ದೇಶೀ ಆಟದ ಅಭ್ಯಾಸದಂತೆ ತೋರುವ ಈ ಸಣ್ಣ ನಡೆಯನ್ನೇ ಮುಂದೆ ಸೋವಿಯತ್ ಒಕ್ಕೂಟದ ಪರವಾಗಿ ಆಡಿದ ವಿಶ್ವವಿಜೇತ ಪೆಟ್ರೋಸಿಯನ್ ಬಳಕೆಗೆ ತಂದು ಪ್ರಸಿದ್ಧಗೊಳಿಸಿದನು. ಸುಲ್ತಾನನ ರಾಜನು ಕೋಟೆ ಕಟ್ಟಿಕೊಳ್ಳುವುದೇ ಇಲ್ಲ; ನಟ್ಟನಡುವೆ ನಿಂತಿರುತ್ತಾನೆ. ಇಪ್ಪತ್ತೊಂದನೆಯ ನಡೆಯ ನಂತರ ಕಪಾಬ್ಲಾಂಕನ ಎರಡು ಆನೆಗಳು ಒಳನುಗ್ಗಿ ಬಿಳಿಯ ಮಂತ್ರಿಯನ್ನು ಕೆಡಹುತ್ತವೆ. ಆದರೆ ತಾವೂ ಬೀಳುತ್ತವೆ. ಮಂತ್ರಿಯೊಂದಕ್ಕೆ ಆನೆ ಎರಡು. ಇನ್ನು ಮುಂದೆ ಕಪಾಬ್ಲಾಂಕನ ಮಂತ್ರಿ ಒಬ್ಬಂಟಿಯಾಗಿ ಸುಲ್ತಾನನ ಪಾಳೆಯವನ್ನು ಸುತ್ತುತ್ತದೆ, ಬಾಗಿಲು ಹುಡುಕುತ್ತದೆ. ಬಾಗಿಲುಗಳೆಲ್ಲ ಮುಚ್ಚಿವೆ. ಸುಲ್ತಾನನು ಅವಸರಪಡದೆ ಒಂದೊಂದು ಕಾಯಿಯನ್ನೂ ಅದರ ಸ್ಥಾನಕ್ಕೆ ತಂದು, ಕೊನೆಗೆ ಅರುವತ್ತೈದನೆಯ ನಡೆಗೆ ಕಪಾಬ್ಲಾಂಕನು ಸೋಲೊಪ್ಪುವಂತೆ ಮಾಡುತ್ತಾನೆ. ಇದರಲ್ಲಿ ಬಾಣಬಿರುಸಿನಂಥ ಬೆರಗಿಲ್ಲ. ಬಾವಿಯ ನೀರು ಏರುವಂತೆ ಮೆಲ್ಲಮೆಲ್ಲನೆ ಏರುವ ಬಲವೊಂದಿದೆ. ತಾಳ್ಮೆಗೂ ನಿಖರತೆಗೂ ಹೆಸರಾದ ಕಪಾಬ್ಲಾಂಕನನ್ನು ಅವೇ ಆಯುಧಗಳಿಂದ ಗೆದ್ದುದು ಈ ಆಟದ ವಿಶೇಷ.

ಆತನ ಶೈಲಿಯ ಗುಣದೋಷಗಳೆರಡೂ ಇಲ್ಲಿ ಸ್ಪಷ್ಟವಾಗುತ್ತವೆ. ಆರಂಭದ ನಡೆಗಳಲ್ಲಿ ಆತ ದುರ್ಬಲ. ಎದುರಾಳಿಗಳು ಬಾಲ್ಯದಿಂದ ಗ್ರಂಥಗಳಲ್ಲಿ ಓದಿದುದನ್ನು ಆತ ಹಲಗೆಯ ಮುಂದೆ ಕುಳಿತು, ಗಡಿಯಾರ ಓಡುತ್ತಿರುವಾಗ, ತಾನೇ ಕಂಡುಹಿಡಿಯಬೇಕಾಗಿತ್ತು. ಅನೇಕ ಆಟಗಳಲ್ಲಿ ಮೊದಲ ಹತ್ತು ಹದಿನೈದು ನಡೆಗಳಿಗೇ ಇಕ್ಕಟ್ಟಿಗೆ ಸಿಕ್ಕುತ್ತಿದ್ದನು. ಆದರೆ ಆಟದ ನಡುಭಾಗ ಕಳೆದು ಕಾಯಿಗಳು ವಿರಳವಾದಂತೆ ಆತನ ಕಣ್ಣು ಚುರುಕಾಗುತ್ತಿತ್ತು. ಕೆಟ್ಟ ಸ್ಥಿತಿಯಲ್ಲೂ ಧೃತಿಗೆಡುತ್ತಿರಲಿಲ್ಲ. ಮುಖದ ಮೇಲೆ ಹರ್ಷವಾಗಲಿ ವಿಷಾದವಾಗಲಿ ಕಾಣುತ್ತಿರಲಿಲ್ಲ. ಅಂತ್ಯಭಾಗದಲ್ಲಿ ಆತನನ್ನು ಎದುರಿಸುವುದೆಂದರೆ ದೊಡ್ಡವರಿಗೂ ಅಳುಕಿತ್ತು. ಇಂತಹ ಅಡಚಣೆಗಳ ನಡುವೆ ಚಾಂಪಿಯನ್ ಆದವನ ಪ್ರತಿಭೆ ಅಸಾಧಾರಣವೆಂದು ಸೋತ ಕಪಾಬ್ಲಾಂಕನೇ ಮನಸಾರೆ ಒಪ್ಪಿಕೊಂಡನು.

ಅಡಚಣೆಗಳು ಹಲಗೆಯ ಮೇಲೆ ಮಾತ್ರ ಇರಲಿಲ್ಲ. ಇಂಗ್ಲೆಂಡಿನ ಚಳಿ ಮತ್ತು ತೇವ ಆತನಿಗೆ ಒಗ್ಗಲಿಲ್ಲ. ಮಲೇರಿಯ, ನೆಗಡಿ, ಗಂಟಲುಬೇನೆಗಳು ಮತ್ತೆ ಮತ್ತೆ ಕಾಡುತ್ತಿದ್ದುವು. ಕುತ್ತಿಗೆಗೆ ಪಟ್ಟಿ ಸುತ್ತಿಕೊಂಡೇ ಆಟಕ್ಕೆ ಬರುತ್ತಿದ್ದುದುಂಟು. ಇಂಗ್ಲಿಷ್ ಸರಿಯಾಗಿ ಬಾರದು. ಎಲ್ಲಿ ಆಡಬೇಕು, ಎಂದು ಹಿಂದಿರುಗಬೇಕು ಎಂಬುದು ಆಶ್ರಯದಾತನ ಅನುಕೂಲಕ್ಕೆ ಬಿಟ್ಟದ್ದು. ೧೯೩೩ರಲ್ಲಿ ಅಮೆರಿಕದ ಆಟಗಾರರು ಸರ್ ಉಮರನ ಮನೆಗೆ ಹೋದಾಗ ಸುಲ್ತಾನ್ ಖಾನನೇ ಅವರಿಗೆ ಊಟ ಬಡಿಸಿದನೆಂದು, ಅದನ್ನು ಕಂಡು ತಮಗೆ ಮುಜುಗರವಾಯಿತೆಂದು ಅವರಲ್ಲೊಬ್ಬನಾದ ರೂಬೆನ್ ಫೈನ್ ಬರೆದಿದ್ದಾನೆ. ಆತ ಆಳಾಗಿದ್ದನೆಂದೂ ಅನಕ್ಷರಸ್ಥನೆಂದೂ ಹಲವು ಪುಸ್ತಕಗಳು ಹೇಳುತ್ತವೆ. ಆತನ ವಂಶಸ್ಥರು ಇದನ್ನು ಒಪ್ಪುವುದಿಲ್ಲ. ತಮ್ಮದು ಸ್ವಂತ ಜಮೀನುಳ್ಳ, ಮರ್ಯಾದಸ್ಥ ಮನೆತನವೆಂದು ಅವರ ವಾದ. ದೂರದೇಶದವರು ಬರೆದಿಟ್ಟ ಮಾತಿಗಿಂತ ಮನೆಯವರ ಮಾತು ಕಡಮೆ ತೂಕದ್ದೆಂದು ನಾನು ಭಾವಿಸಲಾರೆ. ಒಂದಂತೂ ನಿಜ: ಇಂಗ್ಲಿಷ್ ಬಾರದವನನ್ನು ಏನೂ ಬಾರದವನೆಂದು ಎಣಿಸುವ ಅಭ್ಯಾಸ ಆ ಕಾಲದ್ದು ಮಾತ್ರವಲ್ಲ. ನಮ್ಮ ನಡುವೆ ಹಳ್ಳಿಯ ಶಾಲೆಗಳಿಂದ ಕಾಲೇಜಿಗೆ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

೧೯೩೩ರ ಡಿಸೆಂಬರಿನಲ್ಲಿ ಸರ್ ಉಮರ್ ಭಾರತಕ್ಕೆ ಹೊರಟನು; ಸುಲ್ತಾನ್ ಖಾನನೂ ಹೊರಟನು. ಅದೇ ಪರಿವಾರದಲ್ಲಿದ್ದು, ಅದೇ ವರ್ಷ ಬ್ರಿಟಿಷ್ ಮಹಿಳಾ ಪ್ರಶಸ್ತಿಯನ್ನು ಗೆದ್ದಿದ್ದ ಫಾತಿಮಾ ಎಂಬಾಕೆ, ಊರಿಗೆ ಮರಳಿದಾಗ ಆತನಿಗೆ ಸೆರೆಯಿಂದ ಬಿಡುಗಡೆಯಾದಂತೆ ಆಯಿತೆಂದು ಮುಂದೆ ನೆನೆದಳು. ೧೯೩೫ರಲ್ಲಿ ಖಾಡಿಲ್ಕರರೊಡನೆ ಹತ್ತು ಆಟಗಳನ್ನಾಡಿ ಒಂದನ್ನು ಮಾತ್ರ ಸಮಕ್ಕೆ ಬಿಟ್ಟು ಉಳಿದೆಲ್ಲವನ್ನೂ ಗೆದ್ದನು. ಅನಂತರ ಆ ಹೆಸರು ಚದುರಂಗದ ಲೋಕದಿಂದ ಮಾಯವಾಯಿತು. ಐದು ವರ್ಷ ತುಂಬದ ಅಂತರರಾಷ್ಟ್ರೀಯ ಜೀವನ; ಅಷ್ಟರಲ್ಲೇ ಜಗತ್ತಿನ ಮೊದಲ ಹತ್ತು ಮಂದಿಯಲ್ಲಿ ಒಬ್ಬನೆಂಬ ಎಣಿಕೆ; ಅಲ್ಲಿಂದ ಮುಂದೆ ಸರ್ಗೋಧದ ಬಳಿಯ ಹೊಲ. ಮಕ್ಕಳಿಗೆ ಆತ ಚದುರಂಗವನ್ನು ಕಲಿಸಲಿಲ್ಲ; ಬಾಳಿನಲ್ಲಿ ಅದಕ್ಕಿಂತ ಉಪಯುಕ್ತವಾದುದನ್ನು ಮಾಡಿರೆಂದು ಹೇಳಿದನಂತೆ. ೧೯೬೬ರ ಏಪ್ರಿಲ್ ೨೫ರಂದು ಕ್ಷಯರೋಗದಿಂದ ತೀರಿಕೊಂಡನು.

ಒಂದು ಸಂಗತಿ ನನ್ನ ಮನಸ್ಸನ್ನು ಬಹಳ ಕಾಲ ಕೊರೆದಿದೆ. ೧೯೫೦ರಲ್ಲಿ ಅಂತರರಾಷ್ಟ್ರೀಯ ಚದುರಂಗ ಸಂಸ್ಥೆಯಾದ ಫಿಡೆಯು ಮೊದಲ ಬಾರಿಗೆ ಇಪ್ಪತ್ತೇಳು ಮಂದಿಗೆ ಗ್ರ್ಯಾಂಡ್‌ಮಾಸ್ಟರ್ ಪದವಿಯನ್ನಿತ್ತಿತು. ಟಾರ್ಟಕೋವರನಿಗೆ ಬಂದಿತು. ಆಟ ಬಿಟ್ಟು ಬಹಳ ವರ್ಷಗಳಾಗಿದ್ದ ರೂಬಿನ್‌ಸ್ಟೈನನಿಗೂ ಬಂದಿತು. ಇವರಿಬ್ಬರನ್ನೂ ಸೋಲಿಸಿದವನು ಆಗ ನಲವತ್ತೈದರ ಪ್ರಾಯದವನಾಗಿ ಹೊಲ ನೋಡಿಕೊಂಡಿದ್ದನು. ಆತನನ್ನು ಯಾರೂ ನೆನೆಯಲಿಲ್ಲ. ಆಟ ನಿಲ್ಲಿಸಿದ್ದೇ ಕಾರಣವೆನ್ನೋಣವೆಂದರೆ ರೂಬಿನ್‌ಸ್ಟೈನನ ಉದಾಹರಣೆ ಅಡ್ಡ ಬರುತ್ತದೆ. ಆ ಲೋಪವನ್ನು ತಿದ್ದಲು ಎಪ್ಪತ್ತನಾಲ್ಕು ವರ್ಷ ಬೇಕಾಯಿತು. ೨೦೨೪ರ ಫೆಬ್ರವರಿಯಲ್ಲಿ ಫಿಡೆಯು ಸುಲ್ತಾನ್ ಖಾನನಿಗೆ ಮರಣೋತ್ತರವಾಗಿ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿಯನ್ನು ಸಲ್ಲಿಸಿತು. ಪಾಕಿಸ್ತಾನಕ್ಕೆ ಸೇರಿದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆತನೇ ಆದನು. ಆತ ಆಡುತ್ತಿದ್ದಾಗ ಗಡಿಯಿರಲಿಲ್ಲ. ಆದ್ದರಿಂದ ನಾವೂ ಆತನನ್ನು ನಮ್ಮವನೆಂದುಕೊಂಡರೆ ತಪ್ಪಿಲ್ಲ.

ಪದವಿ ತಡವಾಗಿ ಬಂದಿತೆಂದು ಮರುಗುವುದಕ್ಕಿಂತ ಇನ್ನೊಂದು ಪ್ರಶ್ನೆ ನನಗೆ ದೊಡ್ಡದಾಗಿ ತೋರುತ್ತದೆ. ಮನುಷ್ಯನಿಗೆ ಒಲಿದ ವಿದ್ಯೆ ಯಾರದು? ಲಂಡನ್ನಿಗೆ ಕರೆದೊಯ್ದವನು ಇಲ್ಲದಿದ್ದರೆ ಸುಲ್ತಾನನ ಆಟ ಪಂಜಾಬಿನ ಆಚೆಗೆ ತಿಳಿಯುತ್ತಿರಲಿಲ್ಲ. ಕರೆದೊಯ್ದವನು ಹಿಂದಿರುಗಿದ ದಿನ ಆ ಆಟವೂ ನಿಂತಿತು. ಆಶ್ರಯವೆಂಬುದು ಬಾಗಿಲು ತೆರೆಯಬಲ್ಲದು. ಕೀಲಿಕೈಯನ್ನು ಮಾತ್ರ ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಹಣವಿಲ್ಲದ, ಭಾಷೆಯಿಲ್ಲದ, ಪುಸ್ತಕವಿಲ್ಲದ ಪ್ರತಿಭೆ ಒಬ್ಬ ಧನಿಕನ ಕೃಪೆಗೆ ಕಾಯದೆ ಬೆಳೆಯಬೇಕಾದರೆ ಶಾಲೆ, ಗ್ರಂಥಾಲಯ, ಆಟದ ಮನೆಗಳು ಎಲ್ಲರವೂ ಆಗಿರಬೇಕು. ಸರ್ಕಾರಿ ಕಾಲೇಜಿನಲ್ಲಿ ಓದುವ ನಮಗೆ ಅವು ಅಲ್ಪಸ್ವಲ್ಪವಾದರೂ ದೊರೆತಿವೆ. ನಮ್ಮ ವಾಚನಾಲಯದ ಮೂಲೆಯಲ್ಲಿ ಚದುರಂಗದ ಹಲಗೆಯೊಂದಿದ್ದರೆ ಅದರ ಮೇಲೆ ಧೂಳು ಕೂರದಂತೆ ನೋಡಿಕೊಳ್ಳೋಣ. ಸಾಧ್ಯವಾದವರು ಹೇಸ್ಟಿಂಗ್ಸಿನ ಆ ಅರುವತ್ತೈದು ನಡೆಗಳನ್ನು ಒಮ್ಮೆ ಆಡಿಸಿ ನೋಡಲಿ. ಮೀಠಾ ಟಿವಾನಾದ ಆ ಮಿತಭಾಷಿ ತನ್ನ ವಿಷಯವಾಗಿ ಹೇಳಬೇಕಾದುದನ್ನೆಲ್ಲ ಅದರಲ್ಲಿ ಹೇಳಿದ್ದಾನೆ.