ಚಿಕ್ಕದೇವರಾಜ ಒಡೆಯರ್

ಚಿಕ್ಕದೇವರಾಜ ಒಡೆಯರ್ (1645–1704) ಮೈಸೂರು ಸಂಸ್ಥಾನವನ್ನು 1673ರಿಂದ 1704ರವರೆಗೆ ಆಳಿದ ಅರಸರು. ರಾಜ್ಯ ವಿಸ್ತರಣೆ, ಆಡಳಿತ ಸುಧಾರಣೆ ಹಾಗೂ ಕನ್ನಡ ಸಾಹಿತ್ಯಕ್ಕೆ ನೀಡಿದ ಆಶ್ರಯಕ್ಕಾಗಿ ಇವರು ಪ್ರಸಿದ್ಧರು. ಅರಮನೆಯ ಹಸುಗಳ ಪಾಲನೆಗೆ ಇವರು ರೂಪಿಸಿದ ‘ಬೆಣ್ಣೆ ಚಾವಡಿ’ ಎಂಬ ಇಲಾಖೆಯೇ ಮುಂದೆ ಅಮೃತಮಹಲ್ ಎಂದು ಹೆಸರಾಯಿತು. ಕರ್ನಾಟಕದಲ್ಲಿ ರಾಸುಗಳ ಗುಣದೋಷಗಳನ್ನು ಪರೀಕ್ಷಿಸಿ ತಳಿಯನ್ನು ಕಾಪಾಡುವ ಪರಂಪರೆಯಲ್ಲಿ ಈ ಇಲಾಖೆಗೆ ಮುಖ್ಯ ಸ್ಥಾನವಿದೆ.

ಆರಂಭಿಕ ಜೀವನ

ಚಿಕ್ಕದೇವರಾಜರು 1645ರಲ್ಲಿ ಜನಿಸಿದರು. ಯೌವನದ ಕೆಲವು ವರ್ಷಗಳನ್ನು ಗುಂಡ್ಲುಪೇಟೆಯ ಸಮೀಪದ ಹಂಗಳದಲ್ಲಿ ಕಳೆದರು. ಅಲ್ಲಿ ಜೊತೆಗಿದ್ದ ಯಳಂದೂರಿನ ಜೈನ ವಿದ್ವಾಂಸ ವಿಶಾಲಾಕ್ಷ ಪಂಡಿತನು ಮುಂದೆ ಇವರ ಮಂತ್ರಿಯಾದನು. 1673ರಲ್ಲಿ ದೇವರಾಜ ಒಡೆಯರ ನಿಧನಾನಂತರ ಇವರು ಶ್ರೀರಂಗಪಟ್ಟಣದಲ್ಲಿ ಪಟ್ಟವೇರಿದರು.

ಆಳ್ವಿಕೆ

ಮರಾಠರು ಮತ್ತು ಮೊಗಲರು ದಕ್ಷಿಣದತ್ತ ನುಗ್ಗುತ್ತಿದ್ದ ಕಾಲದಲ್ಲಿ ಇವರು ಮೊಗಲರೊಡನೆ ಸ್ನೇಹ ಬೆಳೆಸಿ ರಾಜ್ಯವನ್ನು ಭದ್ರಪಡಿಸಿಕೊಂಡರು. 1687ರಲ್ಲಿ ಮೊಗಲರ ವಶದಲ್ಲಿದ್ದ ಬೆಂಗಳೂರನ್ನು ಮೂರು ಲಕ್ಷ ರೂಪಾಯಿ ತೆತ್ತು ಪಡೆದರು. 1690 ಮತ್ತು 1694ರ ನಡುವೆ ಅರಸೀಕೆರೆಯಿಂದ ಚಿಕ್ಕಮಗಳೂರಿನವರೆಗಿನ ಸೀಮೆ ಮೈಸೂರಿಗೆ ಸೇರಿ, ರಾಜ್ಯದ ಗಡಿ ಬಾಬಾಬುಡನ್ ಬೆಟ್ಟಗಳನ್ನು ಮುಟ್ಟಿತು. ಕವಿ ಲಕ್ಷ್ಮೀಶನ ಊರೆಂದು ಹೆಸರಾದ ದೇವನೂರು ಇರುವುದು ಈ ಬೆಟ್ಟಗಳ ಪೂರ್ವಕ್ಕೆ ಹರಡಿರುವ ಕಡೂರಿನ ಬಯಲು ಸೀಮೆಯಲ್ಲಿ.

ಆಡಳಿತವನ್ನು ‘ಅಠಾರಾ ಕಚೇರಿ’ ಎಂಬ ಹದಿನೆಂಟು ಇಲಾಖೆಗಳಾಗಿ ವಿಂಗಡಿಸಿದ್ದು, ಅಂಚೆಯ ವ್ಯವಸ್ಥೆ ಮಾಡಿದ್ದು ಹಾಗೂ ಕಾವೇರಿಯಿಂದ ನಾಲೆಗಳನ್ನು ತೋಡಿಸಿದ್ದು ಇವರ ಮುಖ್ಯ ಸಾಧನೆಗಳು. ಬೊಕ್ಕಸವನ್ನು ತುಂಬಿದ್ದರಿಂದ ಇವರಿಗೆ ‘ನವಕೋಟಿ ನಾರಾಯಣ’ ಎಂಬ ಬಿರುದು ಬಂದಿತು. ಆದರೆ ಆ ಸಂಪತ್ತಿನ ಹಿಂದೆ ಹೊಸ ತೆರಿಗೆಗಳ ಭಾರವೂ ಇತ್ತು. ತೆರಿಗೆಯ ವಿರುದ್ಧ ರೈತರು ದಂಗೆಯೆದ್ದಾಗ ಅದನ್ನು ಕಠೋರವಾಗಿ ಅಡಗಿಸಲಾಯಿತು. ಆ ಸಂದರ್ಭದಲ್ಲಿ ಜಂಗಮರ ಹತ್ಯೆ ನಡೆಯಿತೆಂಬ ವಿವರದ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ.

ಬೆಣ್ಣೆ ಚಾವಡಿ

ವಿಜಯನಗರದ ಪ್ರತಿನಿಧಿಗಳ ಕಾಲದಿಂದಲೇ ಶ್ರೀರಂಗಪಟ್ಟಣದಲ್ಲಿ ಉತ್ತಮ ಹಸುಗಳ ಹಿಂಡೊಂದು ಇತ್ತು. ಒಡೆಯರು ಅದನ್ನು ಉಳಿಸಿಕೊಂಡು ಬಂದರು. ಚಿಕ್ಕದೇವರಾಜರು ಹಿಂಡನ್ನು ಹೆಚ್ಚಿಸಿ, ಅದಕ್ಕೆ ಪ್ರತ್ಯೇಕ ಸಿಬ್ಬಂದಿಯನ್ನು ನೇಮಿಸಿ, ಮೇವಿಗಾಗಿ ಹಲವು ಕಡೆ ಕಾವಲುಗಳನ್ನು ಮೀಸಲಿಟ್ಟರು. ಕಾವಲು ಎಂದರೆ ದನಗಳ ಮೇವಿಗೆ ಬಿಟ್ಟ ವಿಶಾಲ ಹುಲ್ಲುಗಾವಲು. ಬೇಸಿಗೆ, ಮಳೆಗಾಲ ಮತ್ತು ಚಳಿಗಾಲಕ್ಕೆ ಬೇರೆ ಬೇರೆ ಕಾವಲುಗಳಿದ್ದು, ಹಿಂಡುಗಳು ಋತುವಿಗೆ ತಕ್ಕಂತೆ ಸ್ಥಳ ಬದಲಿಸುತ್ತಿದ್ದವು. ಅರಮನೆಗೆ ಹಾಲು ಬೆಣ್ಣೆ ಒದಗಿಸುವುದು ಇಲಾಖೆಯ ಹೆಸರಿನಲ್ಲೇ ಇರುವ ಕೆಲಸ. ಕಾಲಕ್ರಮದಲ್ಲಿ ಸೈನ್ಯದ ಸಾಮಗ್ರಿ ಎಳೆಯುವ ಎತ್ತುಗಳೇ ಅದರ ಮುಖ್ಯ ಫಲವಾದವು.

ರಾಸುಗಳ ಗುಣದೋಷ

ಈ ತಳಿಯ ಲಕ್ಷಣಗಳ ವಿವರವಾದ ವರ್ಣನೆಗಳು ದೊರೆಯುವುದು ನಂತರದ ಕಾಲದಲ್ಲಿ. ಉದ್ದನೆಯ ಕಿರಿದಾದ ಮುಖ, ಹಣೆಯ ನಡುವೆ ಇಳಿಯುವ ಗೆರೆ, ಬುಡದಲ್ಲಿ ಒತ್ತಾಗಿ ಹುಟ್ಟಿ ಹಿಂದಕ್ಕೆ ಬಾಗಿ ತುದಿಯಲ್ಲಿ ಚೂಪಾಗುವ ಕೊಂಬು, ಸಣ್ಣ ಕಿವಿ, ಮೈಗಂಟಿದ ಬಿಗಿಯಾದ ಚರ್ಮ, ತೆಳುವಾದ ಗಂಗೆದೊಗಲು, ಗಟ್ಟಿಯಾದ ಕಪ್ಪು ಗೊರಸು ಮತ್ತು ಬೂದು ಬಣ್ಣ ಉತ್ತಮ ರಾಸಿನ ಗುರುತುಗಳು. ಜೋಲುವ ಚರ್ಮ, ದೊಡ್ಡ ಗಂಗೆದೊಗಲು, ಮೆದುವಾದ ಗೊರಸು ದೋಷಗಳೆನಿಸುತ್ತವೆ.

ಇವುಗಳಲ್ಲಿ ಹಲವು ಲಕ್ಷಣಗಳು ಕೇವಲ ಅಂದಕ್ಕಾಗಿ ಎಣಿಸಿದವಲ್ಲ. ಕಲ್ಲುನೆಲದಲ್ಲಿ ದೂರ ನಡೆಯಬೇಕಾದ ಎತ್ತಿಗೆ ಗಟ್ಟಿ ಗೊರಸು ಬೇಕು. ವೇಗವಾಗಿ ಸಾಗಲು ಹಗುರವಾದ ಬಿಗಿ ಮೈಕಟ್ಟು ಬೇಕು. ಕಾವಲಿನಲ್ಲಿ ಸ್ವತಂತ್ರವಾಗಿ ಮೇಯುವ ಈ ದನಗಳು ಅಪರಿಚಿತರನ್ನು ಹತ್ತಿರ ಸೇರಿಸುವುದಿಲ್ಲ. ಪಳಗಿಸುವವನಿಗೆ ಇದು ದೋಷ, ಬಯಲಿನಲ್ಲಿ ಬದುಕಬೇಕಾದ ಹಿಂಡಿಗೆ ಇದೇ ಗುಣ. ಹಾಲು ಕಡಿಮೆ ಎಂಬುದು ತಳಿಯ ದೊಡ್ಡ ಕೊರತೆಯಾಗಿದ್ದರೂ, ದುಡಿಮೆಯೇ ಗುರಿಯಾಗಿದ್ದಷ್ಟು ಕಾಲ ಅದನ್ನು ಯಾರೂ ಮುಖ್ಯವೆಂದು ಎಣಿಸಲಿಲ್ಲ. ರೈತರು ದನ ಕೊಳ್ಳುವಾಗ ನೋಡುವ ಸುಳಿಗಳ ಶುಭಾಶುಭ ವಿಚಾರ ಇದಕ್ಕಿಂತ ಬೇರೆಯದು. ಅದು ನಂಬಿಕೆಗೆ ಸೇರಿದ್ದೇ ಹೊರತು ರಾಸಿನ ದುಡಿಮೆಯ ಶಕ್ತಿಯನ್ನು ತಿಳಿಸುವುದಿಲ್ಲ.

ಸಾಹಿತ್ಯ

‘ಚಿಕದೇವರಾಜ ಬಿನ್ನಪಂ’ ಮತ್ತು ‘ಗೀತಗೋಪಾಲ’ ಕೃತಿಗಳು ಇವರ ಹೆಸರಿನಲ್ಲಿವೆ. ಮಂತ್ರಿ ತಿರುಮಲಾರ್ಯ, ಚಿಕುಪಾಧ್ಯಾಯ, ‘ಹದಿಬದೆಯ ಧರ್ಮ’ವನ್ನು ರಚಿಸಿದ ಸಂಚಿ ಹೊನ್ನಮ್ಮ ಹಾಗೂ ‘ಮಿತ್ರವಿಂದಾ ಗೋವಿಂದ’ ನಾಟಕದ ಕರ್ತೃ ಸಿಂಗರಾರ್ಯ ಇವರ ಆಸ್ಥಾನಕ್ಕೆ ಸೇರಿದವರು.

ನಿಧನ ಮತ್ತು ನಂತರ

ಚಿಕ್ಕದೇವರಾಜರು 1704ರ ನವೆಂಬರ್‌ನಲ್ಲಿ ನಿಧನರಾದರು. ಮಗ ಇಮ್ಮಡಿ ಕಂಠೀರವ ನರಸರಾಜರು ಪಟ್ಟಕ್ಕೆ ಬಂದರು. ಬೆಣ್ಣೆ ಚಾವಡಿಯ ಎತ್ತುಗಳನ್ನು ಹೈದರಾಲಿಯು ಫಿರಂಗಿಗಳನ್ನು ಎಳೆಯಲು ಬಳಸಿಕೊಂಡನು. ಟಿಪ್ಪು ಸುಲ್ತಾನನು ಇಲಾಖೆಗೆ ಅಮೃತಮಹಲ್ ಎಂದು ಹೆಸರಿಟ್ಟು ನಿಯಮಾವಳಿಯನ್ನು ಹೊರಡಿಸಿದನು. 1799ರ ನಂತರ ಹಿಂಡುಗಳ ಆರೈಕೆ ಕುಗ್ಗಿತು. 1860ರಲ್ಲಿ ಬ್ರಿಟಿಷರು ಮಿತವ್ಯಯದ ಕಾರಣದಿಂದ ಅವುಗಳನ್ನು ಮಾರಿಬಿಟ್ಟರು. ಕೆಲವೇ ವರ್ಷಗಳಲ್ಲಿ ಒಳ್ಳೆಯ ಎತ್ತುಗಳ ಕೊರತೆ ಕಂಡುಬಂದುದರಿಂದ ಹಿಂಡನ್ನು ಮತ್ತೆ ಕಟ್ಟಬೇಕಾಯಿತು. 1880ರ ದಶಕದಲ್ಲಿ ಅದು ಮೈಸೂರು ಸರ್ಕಾರದ ವಶಕ್ಕೆ ಬಂದಿತು.

ಇಂದು ಅಜ್ಜಂಪುರದಲ್ಲಿ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರವಿದೆ. ಟ್ರ್ಯಾಕ್ಟರು, ಲಾರಿಗಳು ಬಂದ ಮೇಲೆ ಎತ್ತಿನ ವೇಗಕ್ಕಿದ್ದ ಬೆಲೆ ಇಳಿದು, ಹಾಲಿನ ಪ್ರಮಾಣವೇ ರಾಸಿನ ಅಳತೆಯಾಗಿದೆ. ಕೃಷಿ ಮತ್ತಿತರ ಉದ್ದೇಶಗಳಿಗೆ ಹಂಚಿಹೋಗಿ ಕಾವಲುಗಳೂ ಕಿರಿದಾಗಿವೆ. ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲು ಸಂರಕ್ಷಿತ ಪ್ರದೇಶವಾಗಿ ಉಳಿದಿದ್ದು, ಕೃಷ್ಣಮೃಗಗಳಿಗೂ ನೆಲೆಯಾಗಿದೆ. ಬಯಲಿನಲ್ಲಿ ಮೇಯುತ್ತ ರೂಪುಗೊಂಡ ಈ ತಳಿಯ ಗುಣಗಳನ್ನು ಕೊಟ್ಟಿಗೆಯಲ್ಲಿ ಉಳಿಸುವುದು ಕಷ್ಟವಾದ್ದರಿಂದ, ತಳಿಯ ರಕ್ಷಣೆಯು ಕಾವಲುಗಳ ರಕ್ಷಣೆಯನ್ನು ಅವಲಂಬಿಸಿದೆ.