ಅಬ್ರಹಾಮ್ ಲಿಂಕನ್ನರು

ಚುನಾವಣೆ ಸಮೀಪಿಸಿತೆಂದರೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಓಣಿಗಳಲ್ಲಿ ಉಮೇದುವಾರರು ಕೈಮುಗಿದುಕೊಂಡು ಮನೆಮನೆಗೆ ಬರುವುದನ್ನು ನಾವೆಲ್ಲರೂ ಬಲ್ಲೆವು. ಮತ ಬೇಡುವಾಗಿನ ಆ ನಗುಮುಖವು ಅಧಿಕಾರದ ಭಾರವನ್ನು ಹೊತ್ತ ಬಳಿಕ ಏನಾಗುವುದೆಂಬುದನ್ನು ಮಾತ್ರ ನಾವು ಅಷ್ಟಾಗಿ ಯೋಚಿಸುವುದಿಲ್ಲ. ನಮ್ಮ ದೇಶದ ರಾಷ್ಟ್ರಪತಿಗಳನ್ನು ಸಂಸತ್ತಿನ ಹಾಗೂ ವಿಧಾನಸಭೆಗಳ ಚುನಾಯಿತ ಸದಸ್ಯರು ಆರಿಸುವರು. ನೆರೆಯ ಜಮಖಂಡಿ ಸೀಮೆಯ ಸಾವಳಗಿಯಲ್ಲಿ ಜನಿಸಿದ ಬಿ. ಡಿ. ಜತ್ತಿಯವರು 1977ರಲ್ಲಿ ಕೆಲವು ತಿಂಗಳು ಹಂಗಾಮಿ ರಾಷ್ಟ್ರಪತಿಗಳಾಗಿದ್ದರೂ, ಉಪರಾಷ್ಟ್ರಪತಿಗಳಾಗಿದ್ದ ಕಾರಣ ಆ ಹೊಣೆ ಅವರಿಗೆ ಬಂದಿತೇ ಹೊರತು ಅದಕ್ಕಾಗಿ ಅವರು ಮತ ಕೇಳಲಿಲ್ಲ. ಅಮೇರಿಕೆಯಲ್ಲಾದರೋ ಅಧ್ಯಕ್ಷಪದವಿಯನ್ನು ಬಯಸುವವನು ಜನಸಾಮಾನ್ಯರ ಮನಸ್ಸನ್ನೇ ಗೆಲ್ಲಬೇಕು. ಆದುದರಿಂದ ಆ ದೇಶದ ಅಬ್ರಹಾಮ್ ಲಿಂಕನ್ನರ ಜೀವನವನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸುವೆವು.

ಲಿಂಕನ್ನರು 1809ನೆಯ ಇಸವಿಯ ಫೆಬ್ರುವರಿ 12ರಂದು ಕೆಂಟಕಿ ಪ್ರಾಂತದಲ್ಲಿ, ಮರದ ದಿಮ್ಮಿಗಳಿಂದ ಕಟ್ಟಿದ ಗುಡಿಸಲೊಂದರಲ್ಲಿ ಹುಟ್ಟಿದರು. ಒಂಬತ್ತನೆಯ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡ ಅವರಿಗೆ ಮಲತಾಯಿಯಾಗಿ ಬಂದ ಸಾರಾ ಎಂಬ ಸಾಧ್ವಿಯು ಓದಿನಲ್ಲಿ ಪ್ರೋತ್ಸಾಹವನ್ನಿತ್ತಳು. ಶಾಲೆಯಲ್ಲಿ ಅವರು ಕಲಿತ ದಿನಗಳನ್ನೆಲ್ಲ ಕೂಡಿಸಿದರೂ ಒಂದು ವರ್ಷವಾಗಲಾರದು. ನಮ್ಮ ಕಿತ್ತೂರ ರಾಣಿ ಚೆನ್ನಮ್ಮಾಜಿಯವರು 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ಕಾಲವಶರಾದಾಗ, ಇಪ್ಪತ್ತರ ಹೊಸ್ತಿಲಲ್ಲಿದ್ದ ಲಿಂಕನ್ನರು ಹೊಲದಲ್ಲಿ ದುಡಿಯುವ ತರುಣರಾಗಿದ್ದರು. ಮುಂದೆ ಅಂಗಡಿ, ಅಂಚೆ, ಭೂಮಾಪನ ಮೊದಲಾದ ಕೆಲಸಗಳನ್ನು ಮಾಡುತ್ತ ಕಾನೂನನ್ನು ಸ್ವತಃ ಓದಿ ವಕೀಲರಾದರು. 1832ರಲ್ಲಿ ಇಲಿನಾಯ್ ಪ್ರಾಂತದ ಶಾಸನಸಭೆಯ ಚುನಾವಣೆಯಲ್ಲಿ ಸೋತು, 1834ರಲ್ಲಿ ಗೆದ್ದರು.

1860ರಲ್ಲಿ ಅಧ್ಯಕ್ಷಪದವಿಗೆ ನಾಲ್ವರು ಉಮೇದುವಾರರು ನಿಂತರು. ಉಮೇದುವಾರನು ತಾನಾಗಿಯೇ ತಿರುಗಿ ಮತ ಬೇಡುವುದು ಆಗಿನ ರೂಢಿಯಲ್ಲಿ ಘನತೆಗೆ ತಕ್ಕುದಾಗಿರಲಿಲ್ಲ. ಡಗ್ಲಸ್ ಎಂಬವರು ಈ ರೂಢಿಯನ್ನು ಮೀರಿ ಊರೂರು ಸಂಚರಿಸಿದರು. ಲಿಂಕನ್ನರು ಸ್ಪ್ರಿಂಗ್‌ಫೀಲ್ಡಿನಲ್ಲಿಯೇ ಉಳಿದು, ಬಂದವರನ್ನು ಆದರಿಸಿದರು. ಅವರ ಪಕ್ಷದ ತರುಣರು ರಾತ್ರಿವೇಳೆ ಪಂಜುಗಳ ಮೆರವಣಿಗೆ ತೆಗೆದರು. ಲಿಂಕನ್ನರು ಹಿಂದೆ ಬೇಲಿಗಾಗಿ ಮರ ಸೀಳುತ್ತಿದ್ದುದನ್ನು ಸಾರಿ, ಇವರು ದುಡಿಯುವವರ ಪೈಕಿಯವರೆಂದು ಜನರಿಗೆ ಮನಗಾಣಿಸಿದರು.

ಆ ಅಕ್ಟೋಬರದಲ್ಲಿ ವೆಸ್ಟ್‌ಫೀಲ್ಡ್ ಎಂಬ ಊರಿನ ಗ್ರೇಸ್ ಬೆಡೆಲ್ ಎಂಬ ಹನ್ನೊಂದು ವರ್ಷದ ಬಾಲಿಕೆಯು ಅವರಿಗೆ ಪತ್ರವೊಂದನ್ನು ಬರೆದಳು. ಅವರ ಮುಖವು ಬಲು ಕೃಶವಾಗಿರುವುದರಿಂದ ಗಡ್ಡ ಬಿಟ್ಟರೆ ಚೆನ್ನಾಗಿ ಕಾಣುವುದೆಂದೂ, ಅದನ್ನು ಮೆಚ್ಚಿದ ಹೆಂಗಸರು ತಮ್ಮ ಗಂಡಂದಿರಿಂದ ಮತ ಹಾಕಿಸುವರೆಂದೂ ಅವಳು ಸೂಚಿಸಿದಳು. ಅಮೇರಿಕೆಯ ಸ್ತ್ರೀಯರಿಗೆ ದೇಶದಾದ್ಯಂತ ಮತದ ಹಕ್ಕು ದೊರೆತುದು 1920ರಲ್ಲಿ ಎಂಬುದನ್ನು ವಾಚಕರು ಗಮನಿಸಬೇಕು. ಮತವಿಲ್ಲದ ಆ ಹುಡುಗಿಗೆ ಲಿಂಕನ್ನರು ಕೆಲವೇ ದಿನಗಳಲ್ಲಿ ಉತ್ತರ ಬರೆದರು. ಮಾತು ಕೊಡಲಿಲ್ಲ, ಆದರೆ ಗಡ್ಡ ಬಿಟ್ಟರು. 1861ರ ಫೆಬ್ರುವರಿಯಲ್ಲಿ ರಾಜಧಾನಿಗೆ ಹೋಗುವಾಗ ಅವಳ ಊರಿನಲ್ಲಿ ರೈಲುಗಾಡಿ ನಿಲ್ಲಲು, ಅವಳನ್ನು ಕರೆಸಿ ಕಂಡರು.

ಒಟ್ಟು ಮತಗಳಲ್ಲಿ ನೂರಕ್ಕೆ ಸುಮಾರು 40ರಷ್ಟನ್ನೇ ಪಡೆದರೂ, ಪ್ರಾಂತವಾರು ಲೆಕ್ಕದಲ್ಲಿ ಲಿಂಕನ್ನರು ಗೆದ್ದರು. ಗುಲಾಮಗಿರಿಯನ್ನು ಬಿಡಲೊಲ್ಲದ ದಕ್ಷಿಣದ ಪ್ರಾಂತಗಳು ಒಡೆದು ಬೇರೆಯಾದವು. 1861ರ ಏಪ್ರಿಲದಲ್ಲಿ ಯುದ್ಧ ಹೊತ್ತಿತು. ನಾಲ್ಕು ವರ್ಷಗಳಲ್ಲಿ 6 ಲಕ್ಷಕ್ಕೂ ಮಿಕ್ಕಿ ಸೈನಿಕರು ಮಡಿದರು. ಲಿಂಕನ್ನರು ತಾರಿನ ಕಚೇರಿಯಲ್ಲಿ ಕುಳಿತು ರಣರಂಗದ ವಾರ್ತೆಗಳನ್ನು ಕಾಯುತ್ತಿದ್ದರು. 1862ರ ಫೆಬ್ರುವರಿಯಲ್ಲಿ ಅವರ ಹನ್ನೊಂದು ವರ್ಷದ ಮಗ ವಿಲ್ಲಿಯು ಜ್ವರದಿಂದ ತೀರಿಕೊಂಡನು. ದುಃಖವನ್ನು ನುಂಗಿ, 1863ರ ಜನವರಿ 1ರಂದು ಬಂಡೆದ್ದ ಪ್ರಾಂತಗಳ ಗುಲಾಮರು ಸ್ವತಂತ್ರರೆಂಬ ಘೋಷಣೆಗೆ ಸಹಿ ಹಾಕಿದರು.

1864ರಲ್ಲಿ ಚುನಾವಣೆ ಮತ್ತೆ ಬಂದಿತು. ಜನರು ಯುದ್ಧಕ್ಕೆ ಬೇಸತ್ತಿದ್ದರು. ತಾವು ಸೋಲುವುದು ಬಹುಮಟ್ಟಿಗೆ ಖಂಡಿತವೆಂದು ಬಗೆದ ಲಿಂಕನ್ನರು ಆಗಸ್ಟ್ 23ರಂದು, ಗೆದ್ದುಬರುವ ಅಧ್ಯಕ್ಷನೊಡನೆ ಸಹಕರಿಸಿ ದೇಶವನ್ನು ಉಳಿಸಲು ಯತ್ನಿಸುವುದೇ ತಮ್ಮ ಕರ್ತವ್ಯವೆಂದು ಕಾಗದದಲ್ಲಿ ಬರೆದು, ಮಡಿಸಿ, ಓದಗೊಡದೆಯೇ ಅದರ ಮೇಲೆ ಮಂತ್ರಿಗಳ ಸಹಿ ಪಡೆದರು. ಯುದ್ಧದ ನೆವದಿಂದ ಚುನಾವಣೆಯನ್ನು ಮುಂದೂಡುವ ದಾರಿ ಹಿಡಿಯಲಿಲ್ಲ. ಅಷ್ಟರಲ್ಲಿ ಅಟ್ಲಾಂಟಾ ನಗರ ವಶವಾಗಿ ಜನರ ಮನಸ್ಸು ತಿರುಗಿತು. ನವೆಂಬರದಲ್ಲಿ ಅವರೇ ಗೆದ್ದರು.

ಆದರೆ ಆ ಗೆಲುವಿಗೆ ದೇಹವು ತೆತ್ತ ಬೆಲೆ ಕಣ್ಣಿಗೆ ಕಾಣುವಂತಿತ್ತು. ಜೀವಂತವಿದ್ದಾಗಲೇ ಲಿಂಕನ್ನರ ಮುಖದಿಂದ ಎರಡು ಸಲ ಗಚ್ಚಿನ ಅಚ್ಚು ತೆಗೆದಿದ್ದರು. 1860ರ ಅಚ್ಚಿನಲ್ಲಿ 51 ವರ್ಷದ ಬಲಿಷ್ಠನ ಮುಖವಿದೆ. 1865ರ ಫೆಬ್ರುವರಿಯ ಅಚ್ಚಿನಲ್ಲಿ ಕೆನ್ನೆಗಳು ಒಳಸೇರಿ, ಗೆರೆಗಳು ಆಳವಾಗಿ, ಮುಖವು ಮುದುಕನಂತಾಗಿದೆ. ಸೇಂಟ್ ಗಾಡೆನ್ಸ್ ಎಂಬ ಹೆಸರಾಂತ ಶಿಲ್ಪಿಯು ಇದನ್ನು ಮೊದಲು ಕಂಡಾಗ ಸತ್ತವನ ಮುಖದ ಅಚ್ಚೆಂದೇ ತಿಳಿದನಂತೆ. ಎರಡು ಅಚ್ಚುಗಳ ನಡುವಿನ ಅಂತರವು ಐದು ವರ್ಷವೂ ಅಲ್ಲ.

ಯುದ್ಧವು ಮುಗಿಯುತ್ತಿದ್ದಂತೆ, 1865ರ ಏಪ್ರಿಲ್ 14ರ ರಾತ್ರಿ ನಾಟಕಶಾಲೆಯಲ್ಲಿ ಘಾತಕನೊಬ್ಬನು ಗುಂಡು ಹಾರಿಸಲು, ಲಿಂಕನ್ನರು ಮರುದಿನ ಬೆಳಿಗ್ಗೆ ಅಸುನೀಗಿದರು. ಆಗ ಅವರ ವಯಸ್ಸು 56.

ನಮ್ಮ ಮಾಜಿ ವಿದ್ಯಾರ್ಥಿನಿಯರಿಗೆ ಗ್ರೇಸಳಿಗಿಲ್ಲದಿದ್ದ ಹಕ್ಕು ಇದೆ. ಸ್ವತಂತ್ರ ಭಾರತದ ಮೊದಲನೆಯ ಮಹಾಚುನಾವಣೆಯಿಂದಲೇ ಸ್ತ್ರೀಪುರುಷರು ಸಮಾನವಾಗಿ ಮತ ಹಾಕುತ್ತ ಬಂದಿರುವರು. ಬಾಗಿಲಿಗೆ ಬಂದು ಕೈಮುಗಿಯುವವರ ನಗೆಯನ್ನಷ್ಟೇ ನೋಡದೆ, ಸೋಲು ಎದುರಾದಾಗಲೂ ಜನರ ತೀರ್ಪಿಗೆ ತಲೆಬಾಗುವ ಮನಸ್ಸು ಅವರಿಗಿದೆಯೇ ಎಂಬುದನ್ನು ಪರೀಕ್ಷಿಸಿ ಮತವನ್ನೀಯುವುದು ಲೇಸೆಂದು ನಾವು ನಂಬಿರುವೆವು.