ಗಾಳಿಯ ಲೆಕ್ಕ ಬರೆದ ನಾವಿಕ: ಮ್ಯಾಥ್ಯೂ ಫಾಂಟೇನ್ ಮೌರಿ

ಕಾಣಕೋಣದವರಾದ ನಮಗೆ ಕಡಲು ಹೊಸದಲ್ಲ. ಪಾಳೊಳೆ, ಆಗೋಂದ, ತಳಪೋಣ, ಗಾಲ್ಜಿಬಾಗ, ಪೋಳೆಂ ಇವೆಲ್ಲವೂ ನಮ್ಮ ತಾಲೂಕಿನ ದಂಡೆಗಳೇ. ಇಲ್ಲಿ ಎಷ್ಟೋ ಮನೆಗಳ ಒಲೆ ಉರಿಯುವುದು ಕಡಲಿನ ದುಡಿಮೆಯಿಂದ. ದೋಣಿಯನ್ನು ನೀರಿಗೆ ಇಳಿಸುವ ಮೊದಲು ಇಂದಿನ ಮೀನುಗಾರರು ಹವಾಮಾನದ ಸೂಚನೆಯನ್ನು ಕೇಳುತ್ತಾರೆ. ಗಾಳಿಯ ವೇಗವೆಷ್ಟು, ಅಲೆಯ ಎತ್ತರವೆಷ್ಟು, ಕಡಲಿಗೆ ಇಳಿಯಬಹುದೇ, ಇಳಿಯಬಾರದೇ ಎಂಬುದನ್ನು ಅದು ತಿಳಿಸುತ್ತದೆ. ಮನೆಯಲ್ಲಿ ಕಾಯುವ ತಾಯಂದಿರಿಗೂ ಮಕ್ಕಳಿಗೂ ಆ ನಾಲ್ಕು ಸಾಲಿನ ಸೂಚನೆಯ ಬೆಲೆ ಚೆನ್ನಾಗಿ ಗೊತ್ತು.

ಆದರೆ ಈ ಸೂಚನೆ ಎಲ್ಲಿಂದ ಬರುತ್ತದೆ? ಯಾವ ಒಂದು ದೇಶವೂ ಇದನ್ನು ತಾನೊಬ್ಬನೇ ಸಿದ್ಧಪಡಿಸಲಾರದು. ಗಾಳಿಗೆ ಗಡಿಯಿಲ್ಲ. ಇಂದು ನಮ್ಮ ದಂಡೆಗೆ ಬಡಿಯುವ ಗಾಳಿ ನಾಲ್ಕು ದಿನಗಳ ಹಿಂದೆ ಬೇರೊಂದು ದೇಶದ ಸಮೀಪದಲ್ಲಿ ಇದ್ದಿರಬಹುದು. ಅಲ್ಲಿಯವರು ಕಂಡುದನ್ನು ಇಲ್ಲಿಯವರಿಗೆ ತಿಳಿಸಿದರೆ ಮಾತ್ರ ಮುನ್ಸೂಚನೆ ಸಾಧ್ಯ. ಕಡಲಿನ ವಿಷಯದಲ್ಲಿ ಈ ಕೊಡುಕೊಳ್ಳುವಿಕೆಗೆ ರಾಷ್ಟ್ರಗಳನ್ನು ಮೊದಲ ಬಾರಿಗೆ ಒಂದುಗೂಡಿಸಿದವನು ಅಮೆರಿಕದ ನಾವಿಕ ಮ್ಯಾಥ್ಯೂ ಫಾಂಟೇನ್ ಮೌರಿ. ಅವನ ಜೀವನದ ಕಥೆಯನ್ನು ನಾವು ಇಲ್ಲಿ ಸಂಕ್ಷೇಪವಾಗಿ ತಿಳಿದುಕೊಳ್ಳೋಣ.

ಮೌರಿ ಹುಟ್ಟಿದ್ದು 1806ನೆಯ ಇಸವಿ ಜನವರಿ 14ರಂದು, ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ. ತಂದೆ ಬೇಸಾಯಗಾರ. ಮಗ ಇನ್ನೂ ಚಿಕ್ಕವನಿದ್ದಾಗಲೇ ಸಂಸಾರವು ಟೆನೆಸಿ ಎಂಬ ರಾಜ್ಯಕ್ಕೆ ವಲಸೆ ಹೋಯಿತು. ಅದು ಕಡಲಿನಿಂದ ಬಹುದೂರದ ಒಳನಾಡು. ಹೊಲದ ಕೆಲಸದಲ್ಲಿ ತಂದೆಗೆ ನೆರವಾಗುವುದೇ ಹುಡುಗನ ಪಾಲಿಗೆ ಬಂದ ಕರ್ತವ್ಯವಾಗಿತ್ತು. ಹನ್ನೆರಡನೆಯ ವಯಸ್ಸಿನಲ್ಲಿ ಅವನು ಎತ್ತರದ ಮರದಿಂದ ಬಿದ್ದು ಬೆನ್ನಿಗೆ ಬಲವಾದ ಪೆಟ್ಟು ಮಾಡಿಕೊಂಡನು. ಇನ್ನು ಇವನಿಂದ ಹೊಲದ ದುಡಿಮೆ ಆಗದೆಂದು ತಿಳಿದ ತಂದೆ ಅವನನ್ನು ಶಾಲೆಗೆ ಸೇರಿಸಿದನು. ಕೇಡೆಂದು ತೋರಿದ ಆ ಘಟನೆಯೇ ಅವನಿಗೆ ವಿದ್ಯೆಯ ಬಾಗಿಲನ್ನು ತೆರೆಯಿತು.

ಮೌರಿಯ ಹಿರಿಯಣ್ಣ ನೌಕಾಪಡೆಯಲ್ಲಿದ್ದನು. ಅವನು ಹೇಳಿದ ಕಡಲಿನ ಸಂಗತಿಗಳು ತಮ್ಮನ ಮನಸ್ಸಿನಲ್ಲಿ ಬೇರೂರಿದ್ದವು. ಆ ಅಣ್ಣ ಪ್ರಯಾಣದಲ್ಲೇ ಹಳದಿ ಜ್ವರಕ್ಕೆ ತುತ್ತಾದನು. ಒಬ್ಬ ಮಗನನ್ನು ಕಳೆದುಕೊಂಡ ತಂದೆಗೆ ಇನ್ನೊಬ್ಬನನ್ನು ಹಡಗಿಗೆ ಕಳುಹಿಸಲು ಮನಸ್ಸು ಬರಲಿಲ್ಲ. ಅವನ ಒಪ್ಪಿಗೆ ಇಲ್ಲದೆಯೇ ಮೌರಿ 1825ರಲ್ಲಿ ನೌಕಾಪಡೆಗೆ ಸೇರಿದನು.

ಅಮೆರಿಕದಲ್ಲಿ ಆಗ ನೌಕಾಧಿಕಾರಿಗಳಿಗೆ ಪಾಠ ಹೇಳುವ ವಿದ್ಯಾಲಯವಿರಲಿಲ್ಲ. ಹಡಗೇ ಶಾಲೆ, ಅಲೆಗಳೇ ಗುರುಗಳು. ಮೌರಿ ಹಡಗಿನ ಮೇಲಿದ್ದ ಫಿರಂಗಿ ಗುಂಡುಗಳ ಮೇಲೆ ಸೀಮೆಸುಣ್ಣದಿಂದ ತ್ರಿಕೋನಗಳನ್ನು ಬರೆದು, ಕಾವಲು ತಿರುಗುತ್ತಲೇ ಗಣಿತದ ಸಮಸ್ಯೆಗಳನ್ನು ಬಿಡಿಸುತ್ತಿದ್ದನೆಂದು ಹೇಳುತ್ತಾರೆ. 1830ರಲ್ಲಿ ಭೂಪ್ರದಕ್ಷಿಣೆಯನ್ನು ಮುಗಿಸಿ ಬಂದ ವಿನ್ಸೆನ್ಸ್ ಎಂಬ ಹಡಗಿನಲ್ಲಿ ಅವನೂ ಇದ್ದನು. ಮರುವರ್ಷ ಫಾಲ್ಮತ್ ಎಂಬ ಇನ್ನೊಂದು ಹಡಗನ್ನು ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್ ಭೂಶಿರವನ್ನು ದಾಟಿಸುವ ಹೊಣೆ ಅವನಿಗೆ ಬಂತು. ಬಿರುಗಾಳಿಗೆ ಹೆಸರಾದ ಆ ದಾರಿಯ ಗಾಳಿಯನ್ನೂ ನೀರಿನ ಪ್ರವಾಹವನ್ನೂ ತಿಳಿಸುವ ಪುಸ್ತಕಕ್ಕಾಗಿ ಅವನು ಬಹಳ ಹುಡುಕಿದನು. ಎಲ್ಲಿಯೂ ಸಿಗಲಿಲ್ಲ. ಸಾವಿರಾರು ನಾವಿಕರು ಆ ದಾರಿಯಲ್ಲಿ ಹೋಗಿ ಬಂದಿದ್ದರೂ ಅವರ ಅನುಭವವೆಲ್ಲ ಅವರವರ ಜೊತೆಯಲ್ಲೇ ಮುಳುಗಿಹೋಗಿತ್ತು.

1839ರಲ್ಲಿ ಇನ್ನೊಂದು ಅವಘಡ ನಡೆಯಿತು. ಪ್ರಯಾಣದ ಕುದುರೆಗಾಡಿಯ ಒಳಗಿನ ತನ್ನ ಜಾಗವನ್ನು ಒಬ್ಬ ಹೆಂಗಸಿಗೆ ಬಿಟ್ಟುಕೊಟ್ಟು ಮೌರಿ ಮೇಲ್ಗಡೆ ಕುಳಿತಿದ್ದನು. ರಾತ್ರಿ ಗಾಡಿ ಮಗುಚಿ ಅವನ ಕಾಲು ಮುರಿಯಿತು. ಅವನು ಬಾಳಿನುದ್ದಕ್ಕೂ ಕುಂಟನಾದನು. ಹಡಗನ್ನು ನಡೆಸುವ ಆಸೆ ಮುಗಿಯಿತು. ಮೂವತ್ತಮೂರರ ಪ್ರಾಯದಲ್ಲಿ ಕನಸೆಲ್ಲ ಒಡೆದುಹೋದ ಅವನ ಸ್ಥಿತಿಯನ್ನು ನಾವೇ ಊಹಿಸಿಕೊಳ್ಳಬಹುದು.

1842ರಲ್ಲಿ ಸರ್ಕಾರವು ಅವನನ್ನು ವಾಷಿಂಗ್ಟನ್ ನಗರದಲ್ಲಿದ್ದ ನೌಕಾಪಡೆಯ ನಕ್ಷೆ ಮತ್ತು ಉಪಕರಣಗಳ ಉಗ್ರಾಣಕ್ಕೆ ಮೇಲ್ವಿಚಾರಕನನ್ನಾಗಿ ನೇಮಿಸಿತು. ಅಲ್ಲಿ ಹಳೆಯ ಹಡಗುಗಳ ಲಾಗ್ ಪುಸ್ತಕಗಳು ರಾಶಿ ಬಿದ್ದಿದ್ದವು. ಲಾಗ್ ಪುಸ್ತಕವೆಂದರೆ ಹಡಗಿನ ದಿನಚರಿ. ಇಂಥ ದಿನ ಹಡಗು ಎಲ್ಲಿತ್ತು, ಗಾಳಿ ಯಾವ ಕಡೆಯಿಂದ ಬೀಸಿತು, ಕಡಲು ಹೇಗಿತ್ತು ಎಂಬುದನ್ನೆಲ್ಲ ನಾವಿಕರು ಅದರಲ್ಲಿ ಬರೆದಿಡುತ್ತಿದ್ದರು. ಪ್ರಯಾಣ ಮುಗಿದ ಮೇಲೆ ಆ ಪುಸ್ತಕ ಯಾರಿಗೂ ಬೇಡವಾಗುತ್ತಿತ್ತು. ಧೂಳು ಹಿಡಿದ ಆ ರಾಶಿಯಲ್ಲಿ ಮೌರಿಗೆ ತಾನು ಹಿಂದೆ ಹುಡುಕಿದ್ದ ಪುಸ್ತಕವೇ ಕಾಣಿಸಿತು.

ಅವನು ಕಡಲನ್ನು ಸಣ್ಣ ಸಣ್ಣ ಚೌಕಗಳಾಗಿ ಭಾಗಿಸಿದನು. ಒಂದೊಂದು ಚೌಕದಲ್ಲಿ ಯಾವ ತಿಂಗಳು ಯಾವ ಗಾಳಿ ಎಷ್ಟು ಬಾರಿ ಬೀಸಿದೆ ಎಂಬುದನ್ನು ಸಹಾಯಕರೊಡನೆ ಕುಳಿತು ಎಣಿಸಿದನು. ಒಬ್ಬ ನಾವಿಕನ ಒಂದು ದಿನದ ಅನುಭವದಿಂದ ಏನನ್ನೂ ನಿರ್ಣಯಿಸಲಾಗದು. ಆದರೆ ನೂರಾರು ನಾವಿಕರ ದಿನಗಳನ್ನು ಕೂಡಿಸಿ ನೋಡಿದರೆ ಗಾಳಿಯ ಸ್ವಭಾವ ತಾನಾಗಿ ಹೊರಬೀಳುತ್ತದೆ. ಹೀಗೆ 1847ರಲ್ಲಿ ಉತ್ತರ ಅಟ್ಲಾಂಟಿಕ್ ಸಾಗರದ ಗಾಳಿ ಮತ್ತು ಪ್ರವಾಹಗಳ ನಕ್ಷೆಯು ಪ್ರಕಟವಾಯಿತು. ಮುಂದೆ ನಮ್ಮ ಹಿಂದೂ ಮಹಾಸಾಗರಕ್ಕೂ ಅಂಥ ನಕ್ಷೆಗಳು ಸಿದ್ಧವಾದವು.

ಮೊದಮೊದಲು ಹಡಗಿನ ಕಪ್ತಾನರು ಈ ನಕ್ಷೆಯನ್ನು ನಂಬಲಿಲ್ಲ. ಬಾಲ್ಟಿಮೋರಿನ ಒಂದು ಹಡಗು ಇದನ್ನು ಅನುಸರಿಸಿ ಬ್ರೆಜಿಲ್ ದೇಶದ ರಿಯೊ ಬಂದರಿಗೆ ಎಂದಿಗಿಂತ ಬಹಳ ಬೇಗ ಹೋಗಿ ಬಂದಾಗ ಎಲ್ಲರ ಕಣ್ಣು ತೆರೆಯಿತು. 1851ರಲ್ಲಿ ಫ್ಲೈಯಿಂಗ್ ಕ್ಲೌಡ್ ಎಂಬ ಹಾಯಿಹಡಗು ನ್ಯೂಯಾರ್ಕಿನಿಂದ ಕೇಪ್ ಹಾರ್ನ್ ಸುತ್ತಿ ಸ್ಯಾನ್ ಫ್ರಾನ್ಸಿಸ್ಕೊ ನಗರವನ್ನು ಮುಟ್ಟಲು ತೆಗೆದುಕೊಂಡದ್ದು ತೊಂಬತ್ತಕ್ಕೂ ಕಡಿಮೆ ದಿನ. ಆಗಿನ ಕಾಲಕ್ಕೆ ಅದು ದಾಖಲೆ. ಆ ಹಡಗಿಗೆ ದಾರಿಯನ್ನು ಲೆಕ್ಕ ಹಾಕಿ ಕೊಟ್ಟವಳು ಕಪ್ತಾನನ ಹೆಂಡತಿ ಎಲಿನರ್ ಕ್ರೀಸಿ. ಅವಳ ಕೈಯಲ್ಲಿದ್ದದ್ದು ಮೌರಿಯ ಸಲಹೆಗಳು. ನಮ್ಮ ಶಾಲೆಯ ಹುಡುಗಿಯರು ಈ ಹೆಸರನ್ನು ನೆನಪಿನಲ್ಲಿಡಬೇಕು.

ಮೌರಿ ನಾವಿಕರೊಡನೆ ಒಂದು ಒಪ್ಪಂದ ಮಾಡಿಕೊಂಡನು. ಯಾರು ತಮ್ಮ ಪ್ರಯಾಣದ ವಿವರಗಳನ್ನು ಅವನ ನಮೂನೆಯಲ್ಲಿ ಬರೆದು ಕಳುಹಿಸುತ್ತಾರೋ ಅವರಿಗೆ ನಕ್ಷೆ ಪುಕ್ಕಟೆ. ಹಣದ ವ್ಯವಹಾರವೇ ಇಲ್ಲ. ಕೊಟ್ಟವನಿಗೆ ತನ್ನದೊಂದು ಪುಟದ ಬದಲು ಸಾವಿರ ಜನರ ಪುಟಗಳ ಸಾರ ಸಿಗುತ್ತಿತ್ತು. ಸಾವಿರಕ್ಕೂ ಹೆಚ್ಚು ಹಡಗುಗಳು ಈ ಕೆಲಸದಲ್ಲಿ ಪಾಲುಗೊಂಡವು.

ಆದರೂ ಒಂದು ತೊಡಕು ಉಳಿಯಿತು. ಒಂದೊಂದು ದೇಶದ ನಾವಿಕರು ಒಂದೊಂದು ರೀತಿಯಲ್ಲಿ ಅಳೆಯುತ್ತಿದ್ದರು, ಒಂದೊಂದು ರೀತಿಯಲ್ಲಿ ಬರೆಯುತ್ತಿದ್ದರು. ಅಳತೆಗಳು ಹೊಂದದಿದ್ದರೆ ಕೂಡಿಸುವುದು ಹೇಗೆ? ಈ ಪ್ರಶ್ನೆಯನ್ನು ಬಗೆಹರಿಸಲು ಮೌರಿಯ ಪ್ರಯತ್ನದಿಂದ 1853ರ ಆಗಸ್ಟ್ 23ರಂದು ಬೆಲ್ಜಿಯಂ ದೇಶದ ಬ್ರಸೆಲ್ಸ್ ನಗರದಲ್ಲಿ ಒಂದು ಸಮ್ಮೇಳನ ಸೇರಿತು. ಅಮೆರಿಕ, ಬ್ರಿಟನ್, ಫ್ರಾನ್ಸ್, ರಷ್ಯಾ, ಬೆಲ್ಜಿಯಂ, ನೆದರ್ಲೆಂಡ್ಸ್, ಡೆನ್ಮಾರ್ಕ್, ನಾರ್ವೆ, ಸ್ವೀಡನ್ ಮತ್ತು ಪೋರ್ಚುಗಲ್ ಹೀಗೆ ಹತ್ತು ದೇಶಗಳ ಪ್ರತಿನಿಧಿಗಳು ಬಂದಿದ್ದರು.

ಇಲ್ಲಿ ನಾವು ಒಂದು ಗಳಿಗೆ ನಮ್ಮೂರಿಗೆ ಮರಳೋಣ. 1853ರಲ್ಲಿ ಕಾಣಕೋಣವು ಪೋರ್ಚುಗೀಸರ ಆಳ್ವಿಕೆಯಲ್ಲಿತ್ತು. ಪೋಳೆಂ ದಾಟಿದರೆ ಮಾಜಾಳಿ, ಕಾರವಾರ. ಅದು ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿಯ ಆಳ್ವಿಕೆಯಲ್ಲಿದ್ದ ಕೆನರಾ ಜಿಲ್ಲೆ. ನೆಲದ ಮೇಲೆ ಎರಡು ರಾಜ್ಯಗಳ ಗಡಿ, ಆದರೆ ಎರಡು ಕಡೆಯ ದೋಣಿಗಳಿಗೂ ಒಂದೇ ಮುಂಗಾರು, ಒಂದೇ ಅಲೆ. ಈ ಗಡಿಯ ಎರಡು ಕಡೆಯ ಒಡೆಯರೂ ಬ್ರಸೆಲ್ಸಿನಲ್ಲಿ ಒಂದೇ ಮೇಜಿಗೆ ಕುಳಿತು ಕಡಲಿನ ಗಾಳಿಯನ್ನು ಒಂದೇ ರೀತಿಯಲ್ಲಿ ಬರೆಯೋಣವೆಂದು ಒಪ್ಪಿದರು. ಗೋವೆಯ ಜನರನ್ನಾಗಲಿ ಕೆನರಾದ ಜನರನ್ನಾಗಲಿ ಅಲ್ಲಿ ಯಾರೂ ಕೇಳಿರಲಿಲ್ಲ ಎಂಬುದೂ ನಿಜ. ಆದರೂ ಅಲ್ಲಿ ಬಿತ್ತಿದ ಬೀಜದ ಫಲವನ್ನು ಇಂದು ನಾವೂ ಉಣ್ಣುತ್ತಿದ್ದೇವೆ.

ಸಮ್ಮೇಳನವು ಒಂದು ಸಾಮಾನ್ಯ ನಮೂನೆಯನ್ನು ಗೊತ್ತುಮಾಡಿತು. ಸ್ಥಳ, ವಾಯುಭಾರ, ಗಾಳಿಯ ಮತ್ತು ನೀರಿನ ಉಷ್ಣತೆ, ಗಾಳಿಯ ದಿಕ್ಕು, ಪ್ರವಾಹ ಇವನ್ನು ಎಲ್ಲ ದೇಶದವರೂ ಒಂದೇ ಕ್ರಮದಲ್ಲಿ ಬರೆಯಬೇಕು. ಯುದ್ಧ ಬಂದರೂ ಈ ದಾಖಲೆಗಳಿಗೆ ಕೈ ಹಚ್ಚಬಾರದೆಂಬ ಹಾರೈಕೆಯೂ ವ್ಯಕ್ತವಾಯಿತು. ಆ ಮಾತಿನ ಅಗತ್ಯ ಬಹುಬೇಗ ಕಂಡುಬಂತು. ಮರುವರ್ಷವೇ ಬ್ರಿಟನ್ ಮತ್ತು ಫ್ರಾನ್ಸ್ ದೇಶಗಳು ರಷ್ಯಾದೊಡನೆ ಕ್ರಿಮಿಯಾ ಯುದ್ಧಕ್ಕೆ ಇಳಿದವು. 1854ರ ನವೆಂಬರ್ 14ರ ಬಿರುಗಾಳಿ ಕಪ್ಪು ಸಮುದ್ರದಲ್ಲಿ ಅವರ ಹಡಗುಗಳನ್ನು ನುಚ್ಚುನೂರು ಮಾಡಿತು. ಗಾಳಿ ಬರುವುದನ್ನು ಮೊದಲೇ ತಿಳಿಯಬೇಕೆಂಬ ಹಂಬಲ ಅಂದಿನಿಂದ ಯೂರೋಪಿನಲ್ಲಿ ಬಲವಾಯಿತು. ಅದೇ 1854ರಲ್ಲಿ ಬ್ರಿಟನ್ನಿನಲ್ಲಿ ಫಿಟ್ಜ್‌ರಾಯ್ ಎಂಬ ನಾವಿಕನ ಕೈಕೆಳಗೆ ಹವಾಮಾನ ಇಲಾಖೆಯೊಂದು ಆರಂಭವಾಗಿತ್ತು. 1861ರ ಹೊತ್ತಿಗೆ ಅಲ್ಲಿಂದ ಬಂದರುಗಳಿಗೆ ಬಿರುಗಾಳಿಯ ಎಚ್ಚರಿಕೆ ಹೊರಟಿತು.

ಮೌರಿಗೆ ಇಷ್ಟು ಸಾಲದು. ಕಡಲಿನ ಗಾಳಿಯಂತೆ ನೆಲದ ಹವೆಯನ್ನೂ ಎಲ್ಲ ದೇಶಗಳೂ ಸೇರಿ ಬರೆದಿಡಬೇಕು, ರೈತರಿಗೂ ಸೂಚನೆ ಸಿಗಬೇಕು ಎಂಬುದು ಅವನ ಆಸೆ. ಬ್ರಸೆಲ್ಸಿನಲ್ಲಿ ಅದಕ್ಕೆ ಒಪ್ಪಿಗೆ ದೊರೆಯಲಿಲ್ಲ. ಕಡಲನ್ನೂ ನೆಲವನ್ನೂ ಬೇರೆ ಮಾಡಲಾಗದೆಂಬುದು ನಮ್ಮ ಊರಿನ ಹಿರಿಯರಿಗೆ ಗೊತ್ತು. 2009ರ ಅಕ್ಟೋಬರ್ 2ರಂದು ಒಂದೇ ದಿನದ ಭಾರಿ ಮಳೆಗೆ ಕಾಣಕೋಣದ ಹೊಳೆಗಳು ಉಕ್ಕಿ ಮನೆಗಳು ಕುಸಿದುದನ್ನು ಅವರು ಮರೆತಿಲ್ಲ. ಕಡಲಿನಿಂದ ಎದ್ದ ಮೋಡವೇ ನೆಲದ ಮೇಲೆ ಸುರಿಯುತ್ತದೆ.

1855ರಲ್ಲಿ ಮೌರಿ ಸಮುದ್ರದ ಭೌತಿಕ ಭೂಗೋಳವನ್ನು ಕುರಿತು ಬರೆದ ಗ್ರಂಥವು ಪ್ರಸಿದ್ಧವಾಯಿತು. ಅವನ ಎಲ್ಲ ವಿಚಾರಗಳೂ ಸರಿಯಾಗಿರಲಿಲ್ಲ. ಉತ್ತರ ಧ್ರುವದ ಸುತ್ತ ಹಿಮಗಟ್ಟದ ಸಮುದ್ರವಿದೆಯೆಂದು ಅವನು ನಂಬಿದ್ದನು. ಮುಂದೆ ಅದು ತಪ್ಪೆಂದು ತಿಳಿಯಿತು. ಆದರೆ ಅವನು ಕೂಡಿಹಾಕಿದ ಲೆಕ್ಕ ತಪ್ಪಾಗಲಿಲ್ಲ.

ಇನ್ನು ಅವನ ಬಾಳಿನ ಕಪ್ಪು ಅಧ್ಯಾಯ. ಮಹಾಪುರುಷರ ತಪ್ಪುಗಳನ್ನು ಮುಚ್ಚಿಡುವುದು ನಮಗೆ ಸರಿಕಾಣದು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹೊತ್ತಿತು. ಗುಲಾಮ ಪದ್ಧತಿಯನ್ನು ಉಳಿಸಿಕೊಳ್ಳಲು ದಕ್ಷಿಣದ ರಾಜ್ಯಗಳು ದೇಶದಿಂದ ಬೇರ್ಪಟ್ಟವು. ಮೌರಿ ತನ್ನ ವರ್ಜೀನಿಯಾದ ಮೇಲಿನ ಅಭಿಮಾನದಿಂದ ಹುದ್ದೆಯನ್ನು ಬಿಟ್ಟು ಆ ಪಕ್ಷವನ್ನು ಸೇರಿದನು. ನಾವಿಕರ ಜೀವ ಉಳಿಸಲು ನಕ್ಷೆ ಬರೆದ ಕೈಯೇ ಹಡಗುಗಳನ್ನು ಮುಳುಗಿಸುವ ಸಿಡಿಗುಂಡುಗಳನ್ನು ನೀರಿನಲ್ಲಿ ಹೂಡಿತು. ಹತ್ತು ದೇಶಗಳನ್ನು ಒಂದುಗೂಡಿಸಿದವನು ತನ್ನ ದೇಶ ಒಡೆಯುವ ಕಡೆ ನಿಂತನು. ಮನುಷ್ಯರನ್ನು ಮಾರುವ ಪದ್ಧತಿಗಾಗಿ ಹೋರಾಡಿದ ಪಕ್ಷ ಸೋತಿತು. ಮೌರಿ ಕೆಲಕಾಲ ಇಂಗ್ಲೆಂಡಿನಲ್ಲೂ ಮೆಕ್ಸಿಕೊದಲ್ಲೂ ಪರದೇಶಿಯಾಗಿ ಬದುಕಬೇಕಾಯಿತು. ವರ್ಜೀನಿಯಾದ ರಾಜಧಾನಿ ರಿಚ್ಮಂಡಿನಲ್ಲಿದ್ದ ಅವನ ಪ್ರತಿಮೆಯನ್ನು 2020ರಲ್ಲಿ ತೆಗೆದುಹಾಕಲಾಯಿತು. ಪಾಂಡಿತ್ಯವೊಂದೇ ಮನುಷ್ಯನನ್ನು ತಪ್ಪು ದಾರಿಯಿಂದ ಕಾಪಾಡಲಾರದೆಂಬ ಪಾಠ ಇಲ್ಲಿದೆ.

1868ರಲ್ಲಿ ತಾಯ್ನಾಡಿಗೆ ಮರಳಿದ ಮೌರಿ ವರ್ಜೀನಿಯಾದ ಲೆಕ್ಸಿಂಗ್ಟನ್ ಊರಿನಲ್ಲಿ ಅಧ್ಯಾಪಕನಾದನು. ಕೊನೆಯ ದಿನಗಳಲ್ಲಿಯೂ ಊರೂರು ತಿರುಗಿ ರೈತರಿಗಾಗಿ ಹವಾಮಾನ ವರದಿಯ ವ್ಯವಸ್ಥೆ ಬೇಕೆಂದು ಉಪನ್ಯಾಸ ಮಾಡಿದನು. 1873ರ ಫೆಬ್ರವರಿ 1ರಂದು ತೀರಿಕೊಂಡನು. ಅದೇ ವರ್ಷ ಸೆಪ್ಟೆಂಬರಿನಲ್ಲಿ ವಿಯೆನ್ನಾ ನಗರದಲ್ಲಿ ರಾಷ್ಟ್ರಗಳು ಸೇರಿ, ನೆಲ ಕಡಲು ಎರಡನ್ನೂ ಒಳಗೊಂಡ ಅಂತರರಾಷ್ಟ್ರೀಯ ಹವಾಮಾನ ಸಂಘಟನೆಗೆ ಅಡಿಪಾಯ ಹಾಕಿದವು. ಅದನ್ನು ಕಾಣಲು ಅವನು ಉಳಿದಿರಲಿಲ್ಲ. ಭಾರತದ ಹವಾಮಾನ ಇಲಾಖೆ 1875ರಲ್ಲಿ ಸ್ಥಾಪನೆಯಾಯಿತು. ವಿಯೆನ್ನಾದ ಸಂಘಟನೆಯ ಜಾಗಕ್ಕೆ 1950ರ ಮಾರ್ಚ್ 23ರಂದು ಜಾಗತಿಕ ಹವಾಮಾನ ಸಂಸ್ಥೆ ಬಂತು. ಅದಕ್ಕಾಗಿಯೇ ಮಾರ್ಚ್ 23ನ್ನು ವಿಶ್ವ ಹವಾಮಾನ ದಿನವೆಂದು ಆಚರಿಸುತ್ತೇವೆ.

ಇಂದು ಹಡಗುಗಳ ಜೊತೆಗೆ ಕೃತಕ ಉಪಗ್ರಹಗಳೂ ಕಡಲಿನಲ್ಲಿ ತೇಲುವ ಯಂತ್ರಗಳೂ ಅಳತೆಯ ಕೆಲಸ ಮಾಡುತ್ತಿವೆ. ನಮ್ಮ ಮೀನುಗಾರರಿಗೆ ಅಲೆ, ಗಾಳಿಗಳ ಸೂಚನೆ ಕೊಡುವ ಸಾಗರ ಮಾಹಿತಿ ಕೇಂದ್ರವು ಹೈದರಾಬಾದಿನಲ್ಲಿದೆ. ಬಂಗಾಳ ಕೊಲ್ಲಿ ಮತ್ತು ಅರಬ್ಬೀ ಸಮುದ್ರದ ಚಂಡಮಾರುತಗಳಿಗೆ ಹೆಸರಿಡಲು 2020ರ ಪಟ್ಟಿಯಲ್ಲಿ 13 ದೇಶಗಳು ಹೆಸರು ಕೊಟ್ಟಿವೆ. ಭಾರತ, ಪಾಕಿಸ್ತಾನ, ಇರಾನ್, ಒಮಾನ್, ಶ್ರೀಲಂಕಾ ಎಲ್ಲವೂ ಅದರಲ್ಲಿವೆ. 2021ರ ಮೇ ತಿಂಗಳಲ್ಲಿ ನಮ್ಮ ಕರಾವಳಿಯನ್ನು ನಡುಗಿಸಿದ ತೌಕ್ತೆ ಚಂಡಮಾರುತಕ್ಕೆ ಹೆಸರು ಕೊಟ್ಟದ್ದು ಮ್ಯಾನ್ಮಾರ್ ದೇಶ. ಅದರ ದಾರಿಯನ್ನು ಗಮನಿಸಿ ಎಚ್ಚರಿಸಿದ್ದು ದೆಹಲಿಯ ಕೇಂದ್ರ. ಗೋವೆಯಲ್ಲಿ ಮರಗಳು ಉರುಳಿದವು, ವಿದ್ಯುತ್ತು ಕಡಿಯಿತು. ಆದರೆ ಗಾಳಿ ಬರುವ ಮೊದಲೇ ಸುದ್ದಿ ಬಂದಿತ್ತು.

ವಿದ್ಯಾರ್ಥಿ ಮಿತ್ರರೇ, ಈ ದೊಡ್ಡ ವ್ಯವಸ್ಥೆಯ ಬುಡದಲ್ಲಿರುವುದು ಯಾರೋ ಒಬ್ಬ ನಾವಿಕನು ಅಲುಗಾಡುವ ಹಡಗಿನಲ್ಲಿ ಕುಳಿತು ಪ್ರಾಮಾಣಿಕವಾಗಿ ಬರೆದ ಒಂದು ಸಾಲು. ನಾವೂ ಒಂದು ಹಾಳೆಯಲ್ಲಿ ದಿನಾಂಕ, ಗಾಳಿಯ ದಿಕ್ಕು, ಮಳೆ ಬಂತೋ ಇಲ್ಲವೋ ಎಂಬುದನ್ನು ದಿನವೂ ಒಂದೇ ಹೊತ್ತಿಗೆ ಬರೆದಿಡಬಹುದು. ಮನೆಯ ಅಜ್ಜನನ್ನು ಕೇಳಿದರೆ ಅವರು ಮೋಡವನ್ನೂ ಅಲೆಯನ್ನೂ ನೋಡಿ ಗಾಳಿಯನ್ನು ಹೇಗೆ ಅರಿಯುತ್ತಿದ್ದರೆಂದು ತಿಳಿಸಿಯಾರು. ಅದನ್ನೂ ಬರೆದಿಡೋಣ. ಬರೆದದ್ದನ್ನು ತನ್ನಲ್ಲೇ ಮುಚ್ಚಿಡದೆ ನಾಲ್ಕು ಜನರೊಡನೆ ಹಂಚಿಕೊಳ್ಳೋಣ. ಮೌರಿಯ ಬಾಳಿನಿಂದ ನಾವು ಕಲಿಯಬೇಕಾದದ್ದು ಇದನ್ನೇ.